ಹುಟ್ಟಿದ ವರ್ಷ ಹೊರಟ ಬೆಳಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳನ್ನು ತಿಂಗಳಿಗೊಮ್ಮೆ ವಿಷಯವಾರು ಬೇರ್ಪಡಿಸಿಕೊಳ್ಳುವುದು ನನ್ನ ರೂಢಿ. ಈ ಸಲ ಮುಂಬಯಿ, ಪುಣೆ ಮತ್ತು ಗೋವಾಗಳಿಂದ ಬಂದ ಆರು ಪತ್ರಗಳು ಒಂದೇ ಕಟ್ಟಿಗೆ ಸೇರಿದವು. ಆರೂ ಹುಟ್ಟುಹಬ್ಬದ ನಕ್ಷತ್ರವನ್ನು ಕುರಿತವು. ಹೀಗಾಗಿ ಈ ತಿಂಗಳ ಪುಟಗಳನ್ನು ಪೂರ್ತಿಯಾಗಿ ಆ ವಿಷಯಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಹುಟ್ಟಿದ್ದು 1960ರ ಡಿಸೆಂಬರಿನಲ್ಲಿ. ಮಹಾರಾಷ್ಟ್ರ ರಾಜ್ಯ ಹುಟ್ಟಿದ ವರ್ಷವೂ ಅದೇ. ಈ ಡಿಸೆಂಬರಿಗೆ 65 ತುಂಬುತ್ತದೆ. ಶಾಲೆಯಲ್ಲಿ ಕೇಳಿ ಬಂದ ಮೊಮ್ಮಗ, ‘ಅಜ್ಜ, ನೀವು ಹುಟ್ಟಿದಾಗ ಹೊರಟ ಬೆಳಕು ಈಗ ಬಂದು ತಲುಪುವ ನಕ್ಷತ್ರ ಒಂದಿದೆಯಂತೆ, ಅದು ಯಾವುದು?’ ಎಂದು ಕೇಳುತ್ತಿದ್ದಾನೆ. ಇದು ನಿಜವೇ? ನಿಜವಾದರೆ ಹುಡುಕುವುದು ಹೇಗೆ? (ಡೊಂಬಿವಲಿ)

ಉತ್ತರ: ನಿಜ. ತಮ್ಮ ನಕ್ಷತ್ರ ರೋಹಿಣಿ.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಸೂರ್ಯನಿಂದ ನಮ್ಮ ಅಂಗಳಕ್ಕೆ ಬರಲು ಅದಕ್ಕೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು ಸಾಕು. ಅದೇ ಬೆಳಕು ನಿಲ್ಲದೆ ಒಂದು ವರ್ಷ ಓಡಿದರೆ ಕ್ರಮಿಸುವ ದೂರವನ್ನು, ಅಂದರೆ ಸುಮಾರು 9 ಲಕ್ಷ 46 ಸಾವಿರ ಕೋಟಿ ಕಿಲೋಮೀಟರನ್ನು, ಒಂದು ಜ್ಯೋತಿರ್ವರ್ಷ ಎನ್ನುತ್ತಾರೆ. ಹೆಸರಿನಲ್ಲಿ ವರ್ಷವಿದ್ದರೂ ಇದು ಕಾಲದ ಅಳತೆಯಲ್ಲ, ದೂರದ ಅಳತೆ. ಆದರೆ ಈ ಅಳತೆಯೊಳಗೆ ಕಾಲವೂ ಕೂಡಿಕೊಂಡಿದೆ. 65 ಜ್ಯೋತಿರ್ವರ್ಷ ದೂರದ ನಕ್ಷತ್ರವನ್ನು ನಾವು ಇಂದು ರಾತ್ರಿ ನೋಡಿದರೆ ಕಾಣುವುದು ಅದರ 65 ವರ್ಷ ಹಿಂದಿನ ರೂಪ. ಆದ್ದರಿಂದ ಹುಟ್ಟುಹಬ್ಬದ ನಕ್ಷತ್ರವನ್ನು ಹುಡುಕುವ ಲೆಕ್ಕ ಬಹಳ ಸರಳವಾದದ್ದು: ವಯಸ್ಸು ಎಷ್ಟು ವರ್ಷವೋ ಅಷ್ಟು ಜ್ಯೋತಿರ್ವರ್ಷ ದೂರದಲ್ಲಿರುವ ನಕ್ಷತ್ರವನ್ನು ಪಟ್ಟಿಯಲ್ಲಿ ಹುಡುಕಬೇಕು, ಅದು ನಮ್ಮ ಊರಿನ ಆಕಾಶದಲ್ಲಿ ಯಾವ ತಿಂಗಳು ಯಾವ ಹೊತ್ತಿಗೆ ಕಾಣುತ್ತದೆಂದು ತಿಳಿದುಕೊಳ್ಳಬೇಕು, ಆಮೇಲೆ ತಾರಸಿಗೆ ಹೋಗಿ ನೋಡಬೇಕು. ಮೊಮ್ಮಗನ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ. ಸ್ಟೆಲ್ಲೇರಿಯಂ ಎಂಬ ತಂತ್ರಾಂಶದಲ್ಲಿ ನಕ್ಷತ್ರವನ್ನು ಮುಟ್ಟಿದರೆ ಅದರ ದೂರ ಜ್ಯೋತಿರ್ವರ್ಷಗಳಲ್ಲಿ ಕಾಣಿಸುತ್ತದೆ.

ರೋಹಿಣಿಯ ದೂರ 65ರಿಂದ 67 ಜ್ಯೋತಿರ್ವರ್ಷ. ಡಿಸೆಂಬರಿನ ಸಂಜೆ ಏಳೂವರೆ, ಎಂಟರ ಹೊತ್ತಿಗೆ ಡೊಂಬಿವಲಿಯಿಂದ ಪೂರ್ವಕ್ಕೆ ಮುಖ ಮಾಡಿ ನಿಂತರೆ ಒಂದೇ ಗೆರೆಯಲ್ಲಿ ಹತ್ತಿರ ಹತ್ತಿರ ಇರುವ ಮೂರು ನಕ್ಷತ್ರಗಳು ಮೇಲೇರುತ್ತಿರುವುದು ಕಾಣುತ್ತದೆ. ಅದು ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ಸೊಂಟಪಟ್ಟಿ. ಆ ಗೆರೆಯನ್ನು ಮೇಲಕ್ಕೆ ಎಳೆದುಕೊಂಡು ಹೋದರೆ ಕೆಂಡದ ಬಣ್ಣದ ಒಂದು ನಕ್ಷತ್ರ ಎದುರಾಗುತ್ತದೆ; ಅದೇ ರೋಹಿಣಿ. ಅದರ ಅಗಲ ಸೂರ್ಯನ ಅಗಲದ ಸುಮಾರು 45 ಪಟ್ಟು. ರೋಹಿಣಿಯ ಪಕ್ಕದಲ್ಲಿ ಮಂಕಾದ ನಕ್ಷತ್ರಗಳ ಸಣ್ಣ ಗುಂಪೊಂದು ಗಾಡಿಯ ಮೂಕಿಯಂತೆ ಚಾಚಿಕೊಂಡಿದೆ. ಹಿಂದಿನವರು ಇದನ್ನು ರೋಹಿಣಿಯ ಶಕಟ, ಅಂದರೆ ಬಂಡಿ, ಎಂದು ಕರೆದರು. ನೋಡುವುದಕ್ಕೆ ರೋಹಿಣಿಯೂ ಆ ಗುಂಪಿನದೇ ಎನಿಸುತ್ತದೆ, ಆದರೆ ಗುಂಪು ಇರುವುದು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿ. ರೋಹಿಣಿ ಅದರ ಅರ್ಧ ದಾರಿಗಿಂತಲೂ ಈಚೆ ಇದೆ. ಹೀಗಾಗಿ ಬಂಡಿಯ ಬೆಳಕು ತಮ್ಮ ಮುತ್ತಜ್ಜನ ಕಾಲದ್ದು, ರೋಹಿಣಿಯದು ತಾವು ಹುಟ್ಟಿದ ಕಾಲದ್ದು. ಇವೆರಡೂ ಒಂದೇ ಕ್ಷಣದಲ್ಲಿ ಒಟ್ಟಿಗೆ ತಮ್ಮ ಕಣ್ಣಿಗೆ ಬಂದು ಸೇರುತ್ತವೆ.

ಮೊಮ್ಮಗನಿಗೆ ಇನ್ನೊಂದು ಮಾತನ್ನೂ ಹೇಳಬಹುದು. ರೋಹಿಣಿಯ ಈ ಬೆಳಕು ಅಲ್ಲಿಂದ ಹೊರಟಾಗ ಬೊಂಬಾಯಿಯ ಬೀದಿಗಳಲ್ಲಿ ಇನ್ನೂ ಟ್ರಾಮ್ ಓಡುತ್ತಿತ್ತು. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದಾಗ ಆ ಬೆಳಕು ತನ್ನ ದಾರಿಯಲ್ಲಿ ಒಂದು ವರ್ಷವನ್ನಷ್ಟೇ ಕಳೆದಿತ್ತು. 1964ರ ಮಾರ್ಚಿನ ಕೊನೆಯಲ್ಲಿ ಮುಂಬಯಿಯ ಕೊನೆಯ ಟ್ರಾಮ್ ನಿಂತಾಗ ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರದವರೆಗಿನಷ್ಟು ದೂರವನ್ನೂ ಅದು ಕ್ರಮಿಸಿರಲಿಲ್ಲ. ತಾವು ಕೆಲಸಕ್ಕೆ ಸೇರಿದ್ದು, ಮದುವೆಯಾದದ್ದು, ಮಕ್ಕಳನ್ನು ಓದಿಸಿದ್ದು, ನಿವೃತ್ತರಾದದ್ದು, ಎಲ್ಲವೂ ಅದು ದಾರಿಯಲ್ಲಿರುವಾಗಲೇ ನಡೆಯಿತು.

ಪ್ರಶ್ನೆ: ನನ್ನ ಜನ್ಮನಕ್ಷತ್ರ ಚಿತ್ತೆ. ಹಾಗಿದ್ದರೆ ನನ್ನ ಹುಟ್ಟುಹಬ್ಬದ ನಕ್ಷತ್ರವೂ ಚಿತ್ತೆಯೇ ಆಗಬೇಕಲ್ಲವೇ? ಮನೆಯಲ್ಲಿ ಜಾತಕವಿದೆ, ಬೇರೆ ನಕ್ಷತ್ರ ಹೇಳಿದರೆ ನಮ್ಮ ಅತ್ತೆಯವರು ಒಪ್ಪುವುದಿಲ್ಲ. (ಕೋಥರೂಡ್, ಪುಣೆ)

ಉತ್ತರ: ಅತ್ತೆಯವರ ಮಾತನ್ನು ತಳ್ಳಿಹಾಕಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಸಿಗುವ ಉತ್ತರಗಳು. ಜನ್ಮನಕ್ಷತ್ರವು ತಾವು ಹುಟ್ಟಿದ ಗಳಿಗೆಯಲ್ಲಿ ಚಂದ್ರ ಆಕಾಶದ ಯಾವ ಭಾಗದಲ್ಲಿದ್ದ ಎಂಬುದನ್ನು ಹೇಳುತ್ತದೆ. ಚಂದ್ರನು ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು 27 ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲ ತೆಗೆದುಕೊಳ್ಳುತ್ತಾನೆ. ಅವನ ದಾರಿಯನ್ನು 27 ಸಮಭಾಗ ಮಾಡಿ, ಒಂದೊಂದು ಭಾಗಕ್ಕೆ ಅಲ್ಲಿ ಎದ್ದು ಕಾಣುವ ನಕ್ಷತ್ರದ ಹೆಸರನ್ನು ಹಿರಿಯರು ಇಟ್ಟರು. ನಮ್ಮ ರೈತರು ಹೇಳುವ ಮಳೆನಕ್ಷತ್ರಗಳು ಇದೇ 27ರಲ್ಲಿ ಬರುತ್ತವೆ, ಆದರೆ ಅಲ್ಲಿ ಎಣಿಸುವುದು ಚಂದ್ರನನ್ನಲ್ಲ, ಸೂರ್ಯನನ್ನು. ಅಂದರೆ ಜಾತಕದ ನಕ್ಷತ್ರವೂ ಮಳೆಯ ನಕ್ಷತ್ರವೂ ದಿಕ್ಕನ್ನು ಹೇಳುತ್ತವೆ. ಹುಟ್ಟುಹಬ್ಬದ ನಕ್ಷತ್ರ ಹೇಳುವುದು ದೂರವನ್ನು. ದಿಕ್ಕು ಹುಟ್ಟಿದ ಗಳಿಗೆಗೇ ನಿಶ್ಚಯವಾಗಿಬಿಡುತ್ತದೆ. ದೂರವಾದರೋ ವಯಸ್ಸಿನ ಜೊತೆ ವರ್ಷ ವರ್ಷವೂ ಮುಂದಕ್ಕೆ ಹೋಗುತ್ತದೆ.

ಚಿತ್ತೆಯ ವಿಷಯ ಹೇಳುವುದಾದರೆ, ಆ ನಕ್ಷತ್ರ ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದೆ. ಇಂದು ಕಾಣುವ ಅದರ ಬೆಳಕು ಹೊರಟದ್ದು ಹೈದರ್ ಅಲಿ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲದಲ್ಲಿ. ಯಾವ ಮನುಷ್ಯನ ಆಯುಷ್ಯಕ್ಕೂ ಅದು ಹುಟ್ಟುಹಬ್ಬದ ನಕ್ಷತ್ರವಾಗಲಾರದು. ಕೃತ್ತಿಕೆಯ ಬೆಳಕು ಅದಕ್ಕಿಂತ ಹಳೆಯದು, ಸುಮಾರು 440 ವರ್ಷದ್ದು. ಜ್ಯೇಷ್ಠೆಯದು ಸುಮಾರು 550 ವರ್ಷದ್ದು, ವಿಜಯನಗರ ಉಚ್ಛ್ರಾಯಕ್ಕೆ ಏರುವ ಮುಂಚಿನದು.

ಆದರೆ ಈ ಪತ್ರ ಓದಿದ ಮೇಲೆ ನನಗೊಂದು ಕುತೂಹಲ ಹುಟ್ಟಿತು. 27 ನಕ್ಷತ್ರಗಳಲ್ಲಿ ಮನುಷ್ಯನ ಆಯುಷ್ಯದೊಳಗೆ ಬೀಳುವಂಥವು ಎಷ್ಟಿವೆ? ಅಂಥ ನಕ್ಷತ್ರದಲ್ಲಿ ಹುಟ್ಟಿದವರಿಗೆ ಬಾಳಿನಲ್ಲಿ ಒಮ್ಮೆ ಜನ್ಮನಕ್ಷತ್ರವೂ ಹುಟ್ಟುಹಬ್ಬದ ನಕ್ಷತ್ರವೂ ಒಂದೇ ಆಗುತ್ತದೆ. ಕುಳಿತು ಲೆಕ್ಕ ಹಾಕಿದೆ. ಶ್ರವಣ ನಕ್ಷತ್ರದವರಿಗೆ ಇದು ಬೇಗ ಒದಗುತ್ತದೆ: ಅದರ ದೂರ 16.7 ಜ್ಯೋತಿರ್ವರ್ಷವಾದ್ದರಿಂದ ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಹದಿನೇಳು ತುಂಬುವ ಹೊತ್ತಿಗೆ ಅದು ಅವರದಾಗುತ್ತದೆ. ಉತ್ತರೆಯ ನಕ್ಷತ್ರ 36, ಸ್ವಾತಿ ಸುಮಾರು 37. ಹುಬ್ಬೆಯ ಎರಡು ನಕ್ಷತ್ರಗಳಲ್ಲಿ ಪ್ರಕಾಶಮಾನವಾದದ್ದು 58. ಅಶ್ವಿನಿಯ ಮುಖ್ಯ ನಕ್ಷತ್ರ ಸುಮಾರು 60; ಅರವತ್ತು ಸಂವತ್ಸರಗಳ ಚಕ್ರ ತಿರುಗಿ ಷಷ್ಟ್ಯಬ್ದಿ ಮಾಡಿಸಿಕೊಳ್ಳುವ ವಯಸ್ಸಿಗೆ 27ರ ಮೊದಲನೆಯ ನಕ್ಷತ್ರವೇ ಬಂದು ನಿಲ್ಲುತ್ತದೆ ಎಂಬುದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಆಮೇಲೆ ರೋಹಿಣಿ, ಎಪ್ಪತ್ತಾರರ ಸುಮಾರಿಗೆ ವಿಶಾಖೆ, 79ಕ್ಕೆ ಮಖೆ.

ಪುನರ್ವಸುವಿನವರ ಸಂಗತಿ ಇನ್ನೂ ವಿಶೇಷವಾದದ್ದು. ಆ ನಕ್ಷತ್ರ ಒಂದಲ್ಲ, ಒಂದೇ ತೂಕದ ಜೋಡಿಯಂತೆ ಪಕ್ಕಪಕ್ಕದಲ್ಲಿ ಕಾಣುವ ಎರಡು. ಅವುಗಳಲ್ಲಿ ಒಂದು 34 ಜ್ಯೋತಿರ್ವರ್ಷ ದೂರದಲ್ಲಿದ್ದರೆ ಇನ್ನೊಂದು 51ರಲ್ಲಿದೆ. ಆದ್ದರಿಂದ ಪುನರ್ವಸುವಿನಲ್ಲಿ ಹುಟ್ಟಿದವರಿಗೆ ಎರಡು ಸಲ ಈ ಯೋಗ ಬರುತ್ತದೆ. ಚಿಕ್ಕಮ್ಮನಿಗೆ 51, ಅಕ್ಕನ ಮಗಳಿಗೆ 34 ಆದ ಮನೆಯಲ್ಲಿ ಫೆಬ್ರವರಿಯ ಒಂದು ರಾತ್ರಿ ಇಬ್ಬರೂ ಒಟ್ಟಿಗೆ ನಿಂತು ತಲೆಯೆತ್ತಿದರೆ, ಒಬ್ಬರ ನಕ್ಷತ್ರದ ಪಕ್ಕದಲ್ಲೇ ಇನ್ನೊಬ್ಬರದು ಇರುತ್ತದೆ.

ತಮ್ಮ ವಯಸ್ಸನ್ನು ತಾವು ಬರೆದಿಲ್ಲ. ಚಿತ್ತೆಯನ್ನು ಅತ್ತೆಯವರ ಜೊತೆ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ನೋಡಿರಿ. ತಮ್ಮ ವಯಸ್ಸಿನ ನಕ್ಷತ್ರವನ್ನು ಬೇರೆಯಾಗಿ ಹುಡುಕಿಕೊಳ್ಳಿರಿ.

ಪ್ರಶ್ನೆ: ನನಗೆ 40. ಅಂತರ್ಜಾಲದಲ್ಲಿ ಹುಡುಕಿದಾಗ ಒಂದು ಪಟ್ಟಿ ಒಂದು ನಕ್ಷತ್ರವನ್ನೂ ಇನ್ನೊಂದು ಪಟ್ಟಿ ಬೇರೊಂದನ್ನೂ ತೋರಿಸಿತು. ದೂರವನ್ನು ಅಳೆದವರು ಯಾರು, ಹೇಗೆ ಅಳೆದರು? ಹುಟ್ಟಿದ ತಾರೀಖಿಗೇ ಸರಿಯಾಗಿ ನಕ್ಷತ್ರ ಹುಡುಕುವುದು ಸಾಧ್ಯವೇ? (ಹಿಂಜವಡಿ, ಪುಣೆ)

ಉತ್ತರ: ಕಲ್ಯಾಣದಿಂದ ಕರ್ಜತ್ ಕಡೆಗೆ ಹೋಗುವ ಲೋಕಲ್ ರೈಲಿನ ಕಿಟಕಿಯ ಪಕ್ಕ ಕುಳಿತವರಿಗೆ ಇದರ ಮೂಲಸೂತ್ರ ಗೊತ್ತಿರುತ್ತದೆ. ಹಳಿಯ ಪಕ್ಕದ ಕಂಬಗಳು ಸರಸರನೆ ಹಿಂದಕ್ಕೆ ಓಡುತ್ತವೆ, ಹೊಲದ ಆಚೆಯ ಮರಗಳು ನಿಧಾನವಾಗಿ ಸರಿಯುತ್ತವೆ, ದೂರದ ಮಲಂಗಗಡದ ಗುಡ್ಡವಂತೂ ನಿಂತಲ್ಲೇ ನಿಂತಂತೆ ಕಾಣುತ್ತದೆ. ಯಾವುದು ಹೆಚ್ಚು ಸರಿಯುತ್ತದೋ ಅದು ಹತ್ತಿರದ್ದು. ನಕ್ಷತ್ರಗಳಿಗೆ ಈ ಪರೀಕ್ಷೆ ಮಾಡಲು ಖಗೋಳಜ್ಞರು ಹತ್ತಿದ ರೈಲು ಭೂಮಿಯೇ. ಜನವರಿಯಲ್ಲಿ ಭೂಮಿ ಸೂರ್ಯನ ಒಂದು ಮಗ್ಗುಲಿನಲ್ಲಿದ್ದರೆ ಜುಲೈಯಲ್ಲಿ ಇನ್ನೊಂದು ಮಗ್ಗುಲಿನಲ್ಲಿರುತ್ತದೆ. ಈ ಎರಡು ನೆಲೆಗಳ ನಡುವೆ 30 ಕೋಟಿ ಕಿಲೋಮೀಟರ್ ಅಂತರವಿದೆ. ಎರಡೂ ಕಡೆಯಿಂದ ನೋಡಿದಾಗ ಹತ್ತಿರದ ನಕ್ಷತ್ರವು ಹಿಂದಿನ ನಕ್ಷತ್ರಗಳೆದುರು ಕೂದಲೆಳೆಯಷ್ಟು ಸರಿದಂತೆ ಕಾಣುತ್ತದೆ. ಆ ಸರಿತದ ಅರ್ಧವನ್ನು ಕೋನದ ಸೆಕೆಂಡುಗಳಲ್ಲಿ ಅಳೆದು, 3.26ನ್ನು ಅದರಿಂದ ಭಾಗಿಸಿದರೆ ದೂರ ಜ್ಯೋತಿರ್ವರ್ಷಗಳಲ್ಲಿ ಸಿಗುತ್ತದೆ. ಒಂದು ಡಿಗ್ರಿಯಲ್ಲಿ ಇಂಥ 3600 ಸೆಕೆಂಡುಗಳಿವೆ. ಅಭಿಜಿತ್ ನಕ್ಷತ್ರದ ಕೋನ 0.13 ಸೆಕೆಂಡು, ದೂರ 25 ಜ್ಯೋತಿರ್ವರ್ಷ. ಆ ಕೋನ ಎಷ್ಟು ಸಣ್ಣದೆಂದರೆ, ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಮುಂಬಯಿಯ ಫೋರ್ಟಿನಲ್ಲಿ ಹಿಡಿದು ಡೊಂಬಿವಲಿಯಿಂದ ನೋಡಿದಷ್ಟು.

ಇದನ್ನು ಮೊದಲು ನಂಬುವಂತೆ ಅಳೆದು ಪ್ರಕಟಿಸಿದವರು ಜರ್ಮನಿಯ ಬೆಸೆಲ್. 1838ರಲ್ಲಿ ಹಂಸ ನಕ್ಷತ್ರಪುಂಜದ ಒಂದು ಮಂಕು ನಕ್ಷತ್ರದ ದೂರವನ್ನು ಅವರು ಕಂಡುಹಿಡಿದರು. ನಮ್ಮ ಕಾಲದಲ್ಲಿ ಯುರೋಪಿನ ಹಿಪ್ಪಾರ್ಕಸ್ ಉಪಗ್ರಹ 1 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಅಳೆಯಿತು. ಅದರ ಪಟ್ಟಿ 1997ರಲ್ಲಿ ಪ್ರಕಟವಾಯಿತು. 2013ರ ಡಿಸೆಂಬರಿನಲ್ಲಿ ಹಾರಿದ ಗಾಯಾ ನೌಕೆ 2025ರ ಜನವರಿಯವರೆಗೆ ದುಡಿದು ಸುಮಾರು 200 ಕೋಟಿ ನಕ್ಷತ್ರಗಳನ್ನು ದಾಖಲಿಸಿತು. ಅತಿ ಹೊಳೆಯುವ ನಕ್ಷತ್ರಗಳು ಮಾತ್ರ ಗಾಯಾದ ಕಣ್ಣನ್ನು ಕೋರೈಸುತ್ತವೆ. ಹೀಗಾಗಿ ನಾವು ಬರಿಗಣ್ಣಿನಿಂದ ಗುರುತಿಸುವ ದೊಡ್ಡ ನಕ್ಷತ್ರಗಳಿಗೆ ಬಹುಮಟ್ಟಿಗೆ ಇಂದೂ ಹಿಪ್ಪಾರ್ಕಸ್ಸಿನ ಅಳತೆಯೇ ಆಧಾರ. ತಾವು ನೋಡಿದ ಎರಡು ಪಟ್ಟಿಗಳು ಬೇರೆ ಬೇರೆ ಕಾಲದ ಅಳತೆಗಳನ್ನು ಬಳಸಿರಬೇಕು.

ಹಳೆಯ ಅಳತೆಯನ್ನು ನೆಚ್ಚಿ ನಡೆದ ಒಂದು ಪ್ರಸಿದ್ಧ ಸಮಾರಂಭವಿದೆ. 1933ರ ಮೇ 27ರಂದು ಅಮೆರಿಕದ ಷಿಕಾಗೋದಲ್ಲಿ ಒಂದು ಮಹಾಪ್ರದರ್ಶನ ಆರಂಭವಾಯಿತು. ಅದೇ ನಗರದಲ್ಲಿ ಹಿಂದಿನ ಮಹಾಪ್ರದರ್ಶನ ನಡೆದದ್ದು 1893ರಲ್ಲಿ. ಆ ಪ್ರದರ್ಶನದ ಅಂಗವಾಗಿ ಸೇರಿದ ಸರ್ವಧರ್ಮ ಸಮ್ಮೇಳನಕ್ಕೆಂದೇ ಸ್ವಾಮಿ ವಿವೇಕಾನಂದರು ಆ ವರ್ಷದ ಮೇ 31ರಂದು ನಮ್ಮ ಮುಂಬಯಿಯ ಬಂದರಿನಿಂದ ಹಡಗು ಹತ್ತಿದರು. ಎರಡು ಪ್ರದರ್ಶನಗಳ ನಡುವೆ 40 ವರ್ಷ. ಸ್ವಾತಿ ನಕ್ಷತ್ರದ ದೂರವೂ 40 ಜ್ಯೋತಿರ್ವರ್ಷ ಎಂದು ಆಗ ತಿಳಿದಿದ್ದರು. ಆದ್ದರಿಂದ ಮೊದಲ ಪ್ರದರ್ಶನದ ವರ್ಷ ಹೊರಟ ಬೆಳಕಿನಿಂದಲೇ ಎರಡನೆಯದರ ದೀಪಗಳನ್ನು ಹೊತ್ತಿಸಬೇಕೆಂದು ನಿಶ್ಚಯಿಸಿ, ಸ್ವಾತಿಯ ಬೆಳಕನ್ನು ದೂರದರ್ಶಕಗಳಿಂದ ಹಿಡಿದು, ದ್ಯುತಿಕೋಶದ ಮೇಲೆ ಬೀಳಿಸಿ, ಅದರಿಂದ ಹುಟ್ಟಿದ ವಿದ್ಯುತ್ ಸಂಜ್ಞೆಯನ್ನು ತಂತಿಯ ಮೂಲಕ ಕಳುಹಿಸಿ ದೀಪಗಳನ್ನು ಬೆಳಗಿಸಿದರು. ಇಂದಿನ ಅಳತೆಯಂತೆ ಸ್ವಾತಿಯ ದೂರ 36.7 ಜ್ಯೋತಿರ್ವರ್ಷ. ಅಂದರೆ ಅಂದು ದೀಪ ಹೊತ್ತಿಸಿದ ಬೆಳಕು ಹೊರಟದ್ದು 1893ರಲ್ಲಿ ಅಲ್ಲ, 1896ರ ಸುಮಾರಿಗೆ. ಮೂರು ವರ್ಷ ತಪ್ಪಿದರೂ ಆ ಯೋಚನೆ ನನಗೆ ಬಹಳ ಪ್ರಿಯವಾದದ್ದು. ಒಂದು ನಗರಕ್ಕೆ ಹುಟ್ಟುಹಬ್ಬದ ನಕ್ಷತ್ರವನ್ನು ಹುಡುಕಿಕೊಟ್ಟವರು ಅವರು.

ತಾರೀಖಿನ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಇಂದಿನ ಒಳ್ಳೆಯ ಅಳತೆಯಲ್ಲಿಯೂ ಅಭಿಜಿತ್‌ನಂಥ ಹತ್ತಿರದ ನಕ್ಷತ್ರದ ದೂರದಲ್ಲಿ ಸುಮಾರು ಒಂದು ತಿಂಗಳ, ಸ್ವಾತಿಯ ದೂರದಲ್ಲಿ ಎರಡು ಮೂರು ತಿಂಗಳ, ರೋಹಿಣಿಯ ದೂರದಲ್ಲಿ ಒಂದು ವರ್ಷದ ಹೆಚ್ಚುಕಡಿಮೆ ಉಳಿದೇ ಇದೆ. ದಿನಕ್ಕೆ ಸರಿಯಾಗಿ ಹೇಳಬೇಕಾದರೆ ಬೆಳಕು ಒಂದು ದಿನದಲ್ಲಿ ಓಡುವ 2,590 ಕೋಟಿ ಕಿಲೋಮೀಟರಿನಷ್ಟು ಸೂಕ್ಷ್ಮವಾಗಿ ಆ ದೂರ ಗೊತ್ತಿರಬೇಕು. ಯಾವುದಾದರೂ ಪಟ್ಟಿ ತಾರೀಖು, ಗಂಟೆ ಸಹಿತ ಹೇಳಿದರೆ ಅದನ್ನು ನಂಬಬೇಡಿರಿ. ಹುಟ್ಟಿದ ವರ್ಷ ಹೊಂದಿದರೆ ಸಾಕು.

ತಮ್ಮ ನಲವತ್ತರ ಆಸುಪಾಸಿನಲ್ಲಿ ಕಣ್ಣು ಸೆಳೆಯುವ ನಕ್ಷತ್ರವಿಲ್ಲದಿರುವುದು ನಿಜ. ಸ್ವಾತಿ ಮೂರು ವರ್ಷದ ಹಿಂದೆ ತಮ್ಮದಾಗಿತ್ತು, 43ಕ್ಕೆ ಬ್ರಹ್ಮಹೃದಯ ಬರಲಿದೆ. ನಡುವೆ 41 ಜ್ಯೋತಿರ್ವರ್ಷದಲ್ಲಿ ಕರ್ಕಾಟಕ ರಾಶಿಯ 55 ಕ್ಯಾಂಕ್ರಿ ಎಂಬುದಿದೆ. ಪುಣೆಯ ಬೆಳಕಿನಲ್ಲಿ ಬರಿಗಣ್ಣಿಗೆ ಸಿಗದು, ಬೈನಾಕ್ಯುಲರ್ ಬೇಕು. ಆದರೆ ಸ್ವಾತಿಗೂ ಇಲ್ಲದ ಒಂದು ಸಂಪತ್ತು ಅದಕ್ಕಿದೆ: ಅದರ ಸುತ್ತ ಐದು ಗ್ರಹಗಳು ತಿರುಗುತ್ತಿರುವುದು ಗೊತ್ತಾಗಿದೆ. ಫೆಬ್ರವರಿ 28ರ ವಿಜ್ಞಾನ ದಿನದಂದು ತಮ್ಮ ಊರಿನ ವಿಶ್ವವಿದ್ಯಾಲಯದ ಆವರಣದಲ್ಲಿರುವ ಆಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಜಯಂತ ನಾರ್ಳೀಕರರು ಕಟ್ಟಿ ಬೆಳೆಸಿದ ಸಂಸ್ಥೆ ಅದು. ಆ ದಿನ ಅಲ್ಲಿಗೆ ಹೋಗಿ ಈ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿರಿ.

ಪ್ರಶ್ನೆ: ನನ್ನ ಹುಟ್ಟುಹಬ್ಬ ಜುಲೈ ತಿಂಗಳಲ್ಲಿ. ಮಳೆಗಾಲದ ಮುಂಬಯಿಯಲ್ಲಿ ಚಂದ್ರನೇ ಕಾಣುವುದಿಲ್ಲ. ನನಗೆ 25 ತುಂಬಿದೆ. ನಾನೇನು ಮಾಡಲಿ? (ಮಾಟುಂಗಾ)

ಉತ್ತರ: ಕಾಯಬೇಕು, ಅಷ್ಟೇ. ನಕ್ಷತ್ರದ ಬೆಳಕು ನಿಮ್ಮ ಹುಟ್ಟುಹಬ್ಬದ ದಿನ ಬಂದು ಮರುದಿನ ನಿಂತುಹೋಗುವಂಥದ್ದಲ್ಲ. ಅಳತೆಯಲ್ಲಿರುವ ಹೆಚ್ಚುಕಡಿಮೆಯನ್ನು ಮೇಲೆ ಹೇಳಿದ್ದೇನೆ, ಮೂರು ತಿಂಗಳ ವ್ಯತ್ಯಾಸಕ್ಕೆ ಚಿಂತಿಸಬೇಕಾಗಿಲ್ಲ. ನಿಮ್ಮದು ಅಭಿಜಿತ್, ಉತ್ತರದ ಆಕಾಶದ ಅತಿ ಸುಂದರ ನಕ್ಷತ್ರಗಳಲ್ಲಿ ಒಂದು. ಅಕ್ಟೋಬರಿನಲ್ಲಿ ಮಳೆ ಹಿಂದೆಗೆದು ಆಕಾಶ ತೊಳೆದಂತೆ ಇರುವಾಗ, ಸಂಜೆ ಏಳೂವರೆಯ ಹೊತ್ತಿಗೆ ವಾಯವ್ಯದಲ್ಲಿ ನೀಲಿ ಬೆರೆತ ಬಿಳುಪಿನ ನಕ್ಷತ್ರವೊಂದು ಎತ್ತರದಲ್ಲಿ ಹೊಳೆಯುತ್ತಿರುತ್ತದೆ. ಮಾಟುಂಗಾದ ತಾರಸಿಯಿಂದಲೂ ಅದು ತಪ್ಪದೆ ಕಾಣುತ್ತದೆ. ಮಂಕಾದ ನಕ್ಷತ್ರಗಳನ್ನು ಹುಡುಕುವವರು ಮಾತ್ರ ನಗರ ಬಿಟ್ಟು ಹೋಗಬೇಕಾಗುತ್ತದೆ. ಮುಂಬಯಿಯ ಆಕಾಶವೀಕ್ಷಕರು ಬಹುಕಾಲದಿಂದ ಬದಲಾಪುರದ ಮುಂದಿನ ವಾಂಗಣಿಗೆ ಹೋಗುವುದು ಅದಕ್ಕಾಗಿಯೇ.

ಪ್ರಶ್ನೆ: ಮಗಳ ಮಗಳಿಗೆ ಒಂದು ವರ್ಷ ತುಂಬುತ್ತದೆ. ಹಣ ಕಟ್ಟಿದರೆ ಮಗುವಿನ ಹೆಸರನ್ನೇ ಒಂದು ನಕ್ಷತ್ರಕ್ಕೆ ಇಟ್ಟು ಪ್ರಮಾಣಪತ್ರ ಕಳುಹಿಸುತ್ತೇವೆಂದು ಒಂದು ಕಂಪನಿಯ ಜಾಹೀರಾತು ಬಂದಿದೆ. ಕಟ್ಟಬಹುದೇ? (ವಾಸ್ಕೋ, ಗೋವಾ)

ಉತ್ತರ: ಕಟ್ಟಬೇಡಿರಿ. ನಕ್ಷತ್ರಗಳ ಹೆಸರನ್ನು ನಿಶ್ಚಯಿಸುವ ಹೊಣೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ್ದು, ಅದು ಹೆಸರುಗಳನ್ನು ಮಾರುವುದಿಲ್ಲ. ಹಣ ಪಡೆದು ಇಟ್ಟ ಹೆಸರು ಕಂಪನಿಯ ಕಾಗದದ ಮೇಲೆ ಇರುತ್ತದೆಯೇ ಹೊರತು ಯಾವ ಖಗೋಳಜ್ಞರ ಪಟ್ಟಿಯಲ್ಲೂ ಇರುವುದಿಲ್ಲ. ಮೊಮ್ಮಗಳ ಮೇಲಿನ ಪ್ರೀತಿಯನ್ನು ಹೀಗೆ ಬಳಸಿಕೊಳ್ಳುವುದು ನನಗೆ ನೋವು ತರುವ ಸಂಗತಿ.

ಒಂದು ವರ್ಷದ ಮಗುವಿಗೆ ನಕ್ಷತ್ರವಿಲ್ಲ, ಏಕೆಂದರೆ ಸೂರ್ಯನನ್ನು ಬಿಟ್ಟರೆ ಅಷ್ಟು ಹತ್ತಿರದಲ್ಲಿ ನಕ್ಷತ್ರವೇ ಇಲ್ಲ. ಬರಿಗಣ್ಣಿಗೆ ಕಾಣುವ ಮೊದಲನೆಯದು ಆಲ್ಫಾ ಸೆಂಟಾರಿ, 4.4 ಜ್ಯೋತಿರ್ವರ್ಷ. ಅದು ಬಹಳ ದಕ್ಷಿಣದಲ್ಲಿರುವುದರಿಂದ ಮುಂಬಯಿಯವರಿಗೆ ದಿಗಂತದಿಂದ ಹತ್ತು ಡಿಗ್ರಿಯಷ್ಟು ಮಾತ್ರ ಮೇಲೇರುತ್ತದೆ, ತಮಗೆ ಹದಿನಾಲ್ಕು ಡಿಗ್ರಿ, ಅಂದರೆ ತೋಳು ಚಾಚಿ ಹಿಡಿದ ಒಂದೂವರೆ ಮುಷ್ಟಿಯಷ್ಟು. ಮಗುವಿಗೆ ನಾಲ್ಕು ವರ್ಷ ನಾಲ್ಕೈದು ತಿಂಗಳಾದಾಗ, ಮಳೆ ಹಿಡಿಯುವ ಮೊದಲು, ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣ ದಿಕ್ಕು ತೆರೆದಿರುವ ಕಡೆ ಕರೆದುಕೊಂಡು ಹೋಗಿರಿ. ಆಮೇಲೆ ಎಂಟೂವರೆ ವರ್ಷಕ್ಕೆ ಲುಬ್ಧಕ ಬರುತ್ತದೆ. ರಾತ್ರಿಯ ಆಕಾಶದಲ್ಲಿ ಅದಕ್ಕಿಂತ ಪ್ರಕಾಶಮಾನವಾದ ನಕ್ಷತ್ರವಿಲ್ಲ, ಮಗು ತಾನೇ ಬೆರಳು ತೋರಿಸುತ್ತಾಳೆ.

ಪ್ರಶ್ನೆ: ನಮ್ಮ ತಾಯಿಯವರಿಗೆ ಮುಂದಿನ ವರ್ಷ ಸಹಸ್ರಚಂದ್ರದರ್ಶನ ಮಾಡಿಸಬೇಕೆಂದಿದ್ದೇವೆ. ಅಂದು ಅವರಿಗೆ ಅವರ ನಕ್ಷತ್ರವನ್ನೂ ತೋರಿಸಬೇಕೆಂಬ ಆಸೆ ನಮ್ಮದು. ಅಷ್ಟು ವಯಸ್ಸಿಗೆ ಬರಿಗಣ್ಣಿಗೆ ಕಾಣುವಂಥ ನಕ್ಷತ್ರ ಸಿಗುತ್ತದೆಯೇ? (ಮುಲುಂಡ್)

ಉತ್ತರ: ಸಿಗುವುದಷ್ಟೇ ಅಲ್ಲ, ಇಡೀ ಆಕಾಶದಲ್ಲಿ ಆ ವಯಸ್ಸಿನವರಷ್ಟು ಭಾಗ್ಯವಂತರು ಬೇರೆ ಯಾರೂ ಇಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನವಾದ್ದರಿಂದ ಸಾವಿರ ಹುಣ್ಣಿಮೆ ತುಂಬುವುದಕ್ಕೆ ಸುಮಾರು 80 ವರ್ಷ 10 ತಿಂಗಳು ಬೇಕು. ಇನ್ನು ಸಪ್ತರ್ಷಿಮಂಡಲದ ದೂರಗಳನ್ನು ನೋಡಿರಿ: ಪುಲಹ 80, ಅತ್ರಿ 81, ಪುಲಸ್ತ್ಯ 83, ಅಂಗಿರಸ 83, ವಸಿಷ್ಠ 83, ವಸಿಷ್ಠನ ಮಗ್ಗುಲಿನ ಅರುಂಧತಿ 82. ಏಳು ಋಷಿಗಳಲ್ಲಿ ಐವರು ಎಂಬತ್ತರ ಆಚೀಚೆ ಒಟ್ಟಿಗೆ ನಿಂತಿದ್ದಾರೆ. ಇದು ಆಕಸ್ಮಿಕವಲ್ಲ, ಈ ಐದು ನಕ್ಷತ್ರಗಳು ಒಂದೇ ಅನಿಲದ ಮೋಡದಿಂದ ಒಟ್ಟಿಗೆ ಹುಟ್ಟಿ, ಇಂದಿಗೂ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸಾಗುತ್ತಿರುವ ಒಡಹುಟ್ಟಿದವು. ತುದಿಯಲ್ಲಿರುವ ಮರೀಚಿ (104) ಮತ್ತು ಕ್ರತು (123) ಮಾತ್ರ ಬೇರೆ ಕುಟುಂಬದವು.

ಕಳೆದ ಏಪ್ರಿಲಿನಲ್ಲಿ ನಮ್ಮ ಕಟ್ಟಡದ ತಾರಸಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಕೆಳಗಿನ ಮನೆಯ ಅಜ್ಜಿ ಉಡುಪಿಯ ಕಡೆಯವರು, ಅವರಿಗೆ 82. ಎರಡು ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡಿದ್ದಾರೆ. ಎಂಟು ಗಂಟೆಗೆ ಅವರನ್ನು ಮೇಲಕ್ಕೆ ಕರೆತಂದು, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿ, ಉತ್ತರದಲ್ಲಿ ಸಪ್ತರ್ಷಿಗಳನ್ನು ಒಂದೊಂದಾಗಿ ತೋರಿಸಿದೆವು. ವಸಿಷ್ಠ ಅವರಿಗೆ ಬರಿಗಣ್ಣಿಗೇ ಸಿಕ್ಕಿತು. ಅರುಂಧತಿ ನಗರದ ಬೆಳಕಿನಲ್ಲಿ ಸಿಗಲಿಲ್ಲ. ಬೈನಾಕ್ಯುಲರನ್ನು ಗೋಡೆಗೆ ಒರಗಿಸಿ ಹಿಡಿದುಕೊಟ್ಟಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮದುವೆಯ ದಿವಸ ಭಟ್ಟರು ಹಾಡಹಗಲಿನಲ್ಲಿ ಮೇಲೆ ಕೈ ತೋರಿಸಿ ಅರುಂಧತಿ ಕಂಡಿತೇ ಎಂದು ಕೇಳಿದ್ದರು, ನಾನು ಹೂಂ ಎಂದಿದ್ದೆ. ಕಂಡದ್ದು ಇವತ್ತು’ ಎಂದರು. ಆ ಬೆಳಕು ಹೊರಟದ್ದು ಅವರು ಹುಟ್ಟಿದ ವರ್ಷ ಎಂದು ಮೊಮ್ಮಗಳು ಹೇಳಿದಾಗ ಮತ್ತೊಮ್ಮೆ ಬೈನಾಕ್ಯುಲರ್ ಕೇಳಿ ತೆಗೆದುಕೊಂಡರು.

ತಮ್ಮ ತಾಯಿಯವರಿಗೆ ಅತ್ರಿಯನ್ನು ತೋರಿಸಿರಿ, ಏಕೆಂದರೆ ಸಾವಿರ ಹುಣ್ಣಿಮೆಯ ಲೆಕ್ಕಕ್ಕೆ ಅತ್ಯಂತ ಹತ್ತಿರ ಬರುವುದು ಅದು. ಚೌಕ ಮತ್ತು ಬಾಲ ಕೂಡುವ ಮೂಲೆಯಲ್ಲಿರುವ, ಏಳರಲ್ಲಿ ಅತ್ಯಂತ ಮಂಕಾದ ನಕ್ಷತ್ರವೇ ಅತ್ರಿ. ಅದು ಸಿಗದಿದ್ದರೆ ಚೌಕದ ತಳದ ಮೂಲೆಯ ಪುಲಹ ಸುಲಭವಾಗಿ ಸಿಗುತ್ತದೆ. ಸಮಾರಂಭದ ದಿನ ಯಾವುದೇ ಇರಲಿ, ನಕ್ಷತ್ರ ನೋಡುವ ರಾತ್ರಿಯನ್ನು ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಅಮಾವಾಸ್ಯೆಯ ಸಮೀಪ ಇಟ್ಟುಕೊಳ್ಳಿರಿ. ಎಂಟೂವರೆಯ ಹೊತ್ತಿಗೆ ಸಪ್ತರ್ಷಿಗಳು ಉತ್ತರದಲ್ಲಿ ನೆತ್ತಿಗೂ ದಿಗಂತಕ್ಕೂ ನಡುವೆ, ಕುತ್ತಿಗೆ ನೋಯದಷ್ಟು ಎತ್ತರದಲ್ಲಿರುತ್ತಾರೆ. ತಾಯಿಯವರಿಗೆ ಒರಗಿಕೊಳ್ಳಲು ಕೈಯಿರುವ ಕುರ್ಚಿ ಹಾಕಿಸಿ, ತಾರಸಿಯ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹದಿನೈದು ನಿಮಿಷ ಬಿಡಿರಿ.